ಲೈನು: ಅಗಸೆ ನಾರಿನಿಂದ ಲೈನ್ ಮನೆಯವರೆಗೆ

ಪದಗಳ ಹುಟ್ಟು, ಅರ್ಥ, ಬಳಕೆ ಕುರಿತ ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರ ಕೊಡುತ್ತೇವೆ. ಈ ಸಲ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಕಾಗದಗಳಲ್ಲಿ ಹೆಚ್ಚಿನವು ‘ಲೈನು’ ಎಂಬ ಒಂದೇ ಪದವನ್ನು ಹಿಡಿದುಕೊಂಡಿವೆ. ಹಾಗಾಗಿ ಜಾಗವನ್ನೆಲ್ಲ ಅದಕ್ಕೇ ಬಿಟ್ಟಿದ್ದೇವೆ.

ನಮ್ಮ ತೋಟದಲ್ಲಿ ಕೆಲಸದವರ ಮನೆಗೂ ‘ಲೈನು’ ಅಂತೀವಿ, ಗಿಡ ನೆಡುವ ಮುಂಚೆ ಗೂಟ ಹೊಡೆಯುವುದಕ್ಕೂ ‘ಲೈನಿಂಗ್’ ಅಂತೀವಿ. ಕರೆಂಟ್ ಹೋದರೆ ‘ಲೈನ್ ಇಲ್ಲ’. ಇಂಜಿನ್ ರಿಪೇರಿಯವರು ‘ಲೈನರ್ ಸವೆದಿದೆ’ ಅಂತಾರೆ. ಇವೆಲ್ಲ ಒಂದೇ ಪದವೋ, ಬೇರೆ ಬೇರೆಯೋ?
— ತೋಟದ ರೈಟರ್, ಮೂಡಿಗೆರೆ

ಬೇರು ಒಂದೇ, ಕವಲು ಎರಡು. ಬೇರು ಇರುವುದು ಅಗಸೆ ಗಿಡದಲ್ಲಿ. ಲ್ಯಾಟಿನ್ ಭಾಷೆಯಲ್ಲಿ ಅಗಸೆಗೆ ‘ಲೀನುಂ’ ಎಂದು ಹೆಸರು. ಅದರ ಕಾಂಡದ ನಾರಿನಿಂದ ಹೊಸೆದ ದಾರ ‘ಲೀನೆಆ’. ಅಗಸೆ ನಾರು ಎಳೆದರೆ ಹಿಗ್ಗುವುದು ಬಲು ಕಡಿಮೆ, ಒದ್ದೆಯಾದರೆ ಅದರ ಬಲ ಇನ್ನೂ ಹೆಚ್ಚುತ್ತದೆ. ಬಿಗಿದು ಹಿಡಿದು ನೇರ ನೋಡಲು ಇದಕ್ಕಿಂತ ಒಳ್ಳೆಯ ದಾರ ಹಳೆಯ ಕಾಲದ ಯುರೋಪಿನಲ್ಲಿ ಸಿಗುವುದು ಕಷ್ಟವಿತ್ತು. ದಾರ ಬಿಗಿದ ಕಡೆ ಗೆರೆ ಮೂಡುತ್ತದೆ, ಗೆರೆಗುಂಟ ಇಟ್ಟ ಕಲ್ಲೋ ಗಿಡವೋ ಸಾಲಾಗುತ್ತದೆ. ದಾರ, ಗೆರೆ, ಸಾಲು, ಈ ಮೂರೂ ಅರ್ಥ ಒಂದೇ ಪದಕ್ಕೆ ಬಂದದ್ದು ಹೀಗೆ. ಇಂಗ್ಲಿಷಿಗೆ ಈ ಪದ ಎರಡು ಸಲ ಬಂದಿದೆ. ಹಳೆಯ ಇಂಗ್ಲಿಷಿನಲ್ಲೇ ಹಗ್ಗ, ಸಾಲು ಎಂಬ ಅರ್ಥದಲ್ಲಿ ಒಂದು ರೂಪ ಇತ್ತು. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಫ್ರೆಂಚ್ ಮೂಲಕ ಇನ್ನೊಂದು ರೂಪ ಬಂದು ಮೊದಲಿನದರ ಜೊತೆ ಬೆರೆತುಹೋಯಿತು.

ಎರಡನೇ ಕವಲು ಬಟ್ಟೆಯದು. ಅಗಸೆ ನೂಲಿನ ಬಟ್ಟೆಯೇ ಲಿನನ್. ಉಣ್ಣೆಯ ಕೋಟು ಮೈಗೆ ಚುಚ್ಚುತ್ತದೆಂದು ಒಳಗಡೆ ಲಿನನ್ ಬಟ್ಟೆಯನ್ನು ಕೊಟ್ಟು ಹೊಲಿಯುತ್ತಿದ್ದರು. ಆ ಕೆಲಸಕ್ಕೆ 14ನೇ ಶತಮಾನದ ಕೊನೆಯ ಹೊತ್ತಿಗೆ ‘ಲೈನ್ ಮಾಡುವುದು’ ಎಂಬ ಮಾತು ಹುಟ್ಟಿತು. ನಮ್ಮ ಟೈಲರುಗಳ ಅಸ್ತರು, ಅಂದರೆ ಲೈನಿಂಗ್, ಇದೇ.

ಆದ್ದರಿಂದ ಯಾವುದೇ ಲೈನು ಎದುರಾದಾಗ ಕೇಳಿಕೊಳ್ಳಬೇಕಾದ ಪ್ರಶ್ನೆ ಇಷ್ಟೇ: ಇಲ್ಲಿ ದಾರ ಎಳೆದಿದೆಯೋ, ಅಸ್ತರು ಹಾಕಿದೆಯೋ? ಕರೆಂಟ್ ಲೈನು, ಗಿಡದ ಲೈನಿಂಗ್ ಎರಡೂ ದಾರದ ಕಡೆಯವು. ಇಂಜಿನ್ನಿನ ಲೈನರ್ ಅಸ್ತರಿನ ಕಡೆಯದು. ಸಿಲಿಂಡರಿನ ಒಳಮೈಗೆ ತೊಡಿಸಿದ ತೋಳು ಅದು. ಸವೆಯುವುದು ಅದೇ ಆದ್ದರಿಂದ ಅದನ್ನಷ್ಟೇ ಬದಲಾಯಿಸಿದರೆ ಬ್ಲಾಕ್ ಉಳಿಯುತ್ತದೆ. ಬ್ರೇಕ್ ಲೈನಿಂಗ್, ಕೃಷಿಹೊಂಡಕ್ಕೆ ಹಾಸುವ ಲೈನಿಂಗ್ ಶೀಟ್ ಕೂಡ ಇದೇ ಮನೆಯವು. ಆದರೆ ಸಮುದ್ರದ ಲೈನರ್ ಹಡಗು ದಾರದ ಕಡೆಯದು, ಗೊತ್ತಾದ ದಾರಿಯಲ್ಲೇ ಓಡಾಡುವುದರಿಂದ ಆ ಹೆಸರು. ಕಣ್ಣಿಗೆ ಹಚ್ಚುವ ಐಲೈನರ್ ಗೆರೆಯ ಕಡೆಯದು.

ಲೈನ್ ಮನೆಯ ಹೆಸರು ಬಂದದ್ದು ದಂಡಿನಿಂದ. ಬ್ರಿಟಿಷರ ಸೈನ್ಯದಲ್ಲಿ ಸಾಲಾಗಿ ಹಾಕಿದ ಡೇರೆ, ಗುಡಿಸಲುಗಳಿಗೆ ‘ಲೈನ್ಸ್’ ಎನ್ನುತ್ತಿದ್ದರು. ಪೊಲೀಸ್ ಲೈನ್, ಸಿವಿಲ್ ಲೈನ್ಸ್ ಹುಟ್ಟಿದ್ದೂ ಅಲ್ಲಿಂದಲೇ. ತೋಟಗಳಲ್ಲಿ ಗೋಡೆಗೆ ಗೋಡೆ ಹಂಚಿಕೊಂಡು, ಒಂದೇ ಮಾಡಿನ ಕೆಳಗೆ ಸಾಲಾಗಿ ಕಟ್ಟಿದ ಕೋಣೆಗಳಿಗೂ ಅದೇ ಹೆಸರಾಯಿತು. ಕೆಲಸಗಾರರಿಗೆ ವಸತಿ ಕೊಡುವುದು ಮಾಲೀಕರ ಹೊಣೆ ಎಂದು 1951ರ ತೋಟ ಕಾರ್ಮಿಕರ ಕಾಯ್ದೆ ಹೇಳಿತು. ಈಗ ಕೆಲವು ತೋಟಗಳಲ್ಲಿ ಬಿಡಿ ಬಿಡಿ ಮನೆ ಕಟ್ಟಿಕೊಟ್ಟಿದ್ದಾರೆ. ಸಾಲು ಹೋದರೂ ‘ಲೈನಿಗೆ ಹೋಗಿ ಬರ್ತೀನಿ’ ಎಂಬ ಮಾತು ಹೋಗಿಲ್ಲ.

ಸಗಟು ಅಂಗಡಿಯಲ್ಲಿ ಗುಂಡಿ ಕೇಳಿದರೆ ‘18 ಲೈನ್ ಕೊಡಲಾ, 24 ಲೈನ್ ಕೊಡಲಾ’ ಅಂತಾರೆ. ಇದು ಯಾವ ಲೈನು? ಹಾಗೇ ರವಿಕೆಯ ಲೈನಿಂಗ್ ಒಂದು ಒಗೆತಕ್ಕೇ ಸುಕ್ಕುಗಟ್ಟುವುದು ಯಾಕೆ?
— ಹೊಲಿಗೆ ಕೆಲಸದವರು, ಹಾಸನ

ನಿಮ್ಮ ಒಂದೇ ಕಾಗದದಲ್ಲಿ ಎರಡು ಕವಲೂ ಇವೆ.

ಗುಂಡಿಯ ಲೈನು ಅಳತೆಯ ಗೆರೆ. ಒಂದು ಇಂಚಿಗೆ 40 ಲೈನು, ಅಂದರೆ ಒಂದು ಲೈನಿಗೆ 0.635 ಮಿಲಿಮೀಟರ್. 16 ಲೈನಿನ ಗುಂಡಿಯ ಅಡ್ಡಳತೆ ಸುಮಾರು 10.2 ಮಿ.ಮೀ., 18 ಲೈನಿನದು 11.4, 24 ಲೈನಿನದು 15.2, 32 ಲೈನಿನದು 20.3. ಶರ್ಟಿನ ಮುಂಭಾಗಕ್ಕೆ 18, ಕೋಟಿನ ಮುಂಭಾಗಕ್ಕೆ 32 ಹೊಂದುತ್ತದೆ. ಕಾಜಾ ಕತ್ತರಿಸುವಾಗ ಅಡ್ಡಳತೆಯೊಂದನ್ನೇ ನೋಡಬೇಡಿ, ಗುಂಡಿಯ ದಪ್ಪವನ್ನೂ ಕೂಡಿಸಿ. 11.4 ಮಿ.ಮೀ. ಅಗಲ, 3 ಮಿ.ಮೀ. ದಪ್ಪದ ಗುಂಡಿಗೆ 14.4 ಮಿ.ಮೀ. ಕಾಜಾ ಬೇಕು. ದಪ್ಪ ಬಿಟ್ಟು ಕತ್ತರಿಸಿದರೆ ಗುಂಡಿ ತೂರಿಸುವಾಗೆಲ್ಲ ಕಾಜಾದ ಅಂಚು ಹಿಸಿಯುತ್ತದೆ. ಹಳೆಯ ಇಂಗ್ಲಿಷ್ ಅಳತೆಯಲ್ಲಿ ಇಂಚಿನ 12ನೇ ಒಂದು ಭಾಗಕ್ಕೂ ಲೈನು ಎನ್ನುತ್ತಿದ್ದರು. ಗುಂಡಿಯ ಲೈನು ಅದಲ್ಲ. ಹಿಂದಿ ಸೀಮೆಯ ಬಡಗಿಗಳು ಇಂಚಿನ ಎಂಟನೇ ಒಂದು ಭಾಗಕ್ಕೆ ‘ಸೂತ್’ ಎನ್ನುತ್ತಾರೆ, ಅದರ ಅರ್ಥವೂ ನೂಲು. ಎರಡು ದೂರದ ದೇಶಗಳ ಕಸುಬಿನವರು ಅತಿ ಚಿಕ್ಕ ಅಳತೆಗೆ ನೂಲಿನ ಹೆಸರನ್ನೇ ಇಟ್ಟಿದ್ದಾರೆ.

ಇನ್ನು ಸುಕ್ಕಿನ ಮಾತು. ಮೇಲಿನ ಬಟ್ಟೆ ರೇಷ್ಮೆಯೋ ಪಾಲಿಯೆಸ್ಟರೋ ಇರುತ್ತದೆ, ಒಳಗಿನದು ಹತ್ತಿ. ನೀರು ಕಂಡ ಹತ್ತಿ ಕುಗ್ಗುತ್ತದೆ, ಪಾಲಿಯೆಸ್ಟರ್ ಕುಗ್ಗುವುದಿಲ್ಲ. 15 ಇಂಚು ಉದ್ದದ ರವಿಕೆಯಲ್ಲಿ ಅಸ್ತರು ನೂರಕ್ಕೆ ಮೂರರಷ್ಟು ಕುಗ್ಗಿದರೂ ಅರ್ಧ ಇಂಚು ಹೋಯಿತು. ಆ ಅರ್ಧ ಇಂಚು ಮೇಲಿನ ಬಟ್ಟೆಯಲ್ಲಿ ಸುಕ್ಕಾಗಿ ಕೂರುತ್ತದೆ. ಲೈನಿಂಗ್ ಬಟ್ಟೆಯನ್ನು ಕತ್ತರಿಸುವ ಮೊದಲು ರಾತ್ರಿಯಿಡೀ ನೀರಿನಲ್ಲಿ ನೆನೆಹಾಕಿ, ಹಿಂಡದೆ ನೆರಳಲ್ಲಿ ಒಣಗಿಸಿ, ಕೊಂಚ ಹಸಿ ಇರುವಾಗಲೇ ಇಸ್ತ್ರಿ ಹಾಕಿ. ಆಮೇಲೆ ಉದ್ದದ ಎಳೆಗೆ ಉದ್ದದ ಎಳೆ ಕೂಡುವಂತೆ ಇಟ್ಟು ಕತ್ತರಿಸಿ. ಬಟ್ಟೆ ಉಳಿಸಲು ಅಸ್ತರನ್ನು ಓರೆಯಾಗಿ ಕತ್ತರಿಸಿದರೆ, ನೆನೆಸಿದ್ದರೂ ಅದು ಒಂದು ಕಡೆಗೆ ಜಗ್ಗುತ್ತದೆ.

ಹೊಸದಾಗಿ ಎರಡು ಎಕರೆ ಅರೇಬಿಕಾ ಹಾಕಬೇಕು. ಹಳೇ ತೋಟದಲ್ಲಿ ಲೈನಿಂಗ್ ಸೊಟ್ಟ ಆಗಿ ಕೆಲವು ಕಡೆ ಗಿಡ ಒತ್ತೊತ್ತು, ಕೆಲವು ಕಡೆ ಬಯಲು. ದಾರ ಎಳೆಯೋದರಲ್ಲಿ ಎಲ್ಲಿ ತಪ್ಪುತ್ತೇವೆ?
— ಕಾಫಿ ಬೆಳೆಗಾರರು, ಆಲ್ದೂರು

ಪದದ ಅಂಕಣಕ್ಕೆ ಈ ಪ್ರಶ್ನೆ ಬಂದದ್ದು ನಮಗೆ ಬಹಳ ಇಷ್ಟವಾಯಿತು. ‘ಲೈನು’ ತನ್ನ ಮೊದಲ ಅರ್ಥದಲ್ಲಿ, ಬಿಗಿದು ಹಿಡಿದ ದಾರವಾಗಿ, ಇವತ್ತಿಗೂ ಬದುಕಿರುವ ಕೆಲಸ ಇದು.

ಲೆಕ್ಕ ಮೊದಲು. ಒಂದು ಎಕರೆಗೆ 43,560 ಚದರ ಅಡಿ. ಆರಡಿಗೆ ಆರಡಿ ಇಟ್ಟರೆ 1,210 ಗಿಡ. ಐದಕ್ಕೆ ಐದು ಇಟ್ಟರೆ 1,742. ರೊಬಸ್ಟಾಕ್ಕೆ ಹತ್ತಕ್ಕೆ ಹತ್ತು ಇಟ್ಟರೆ 435. ಗೂಟಗಳನ್ನು ಎಣಿಸಿ ನೋಡಿ. ಎಕರೆಗೆ 1,210ರ ಬದಲು 1,300 ಗೂಟ ಬಂದಿದ್ದರೆ ಎಲ್ಲೋ ಅಳತೆ ಕುಗ್ಗಿದೆ ಎಂದರ್ಥ, ಅಲ್ಲೇ ನಿಲ್ಲಿಸಿ ಹುಡುಕಿ.

ಸಾಮಾನ್ಯ ತಪ್ಪು ಆರಡಿ ಕೋಲಿನದು. ಒಂದು ಗೂಟದಿಂದ ಮುಂದಿನದಕ್ಕೆ ಕೋಲು ಮಗುಚುತ್ತಾ ಹೋಗುತ್ತೇವೆ. ಪ್ರತಿ ಸಲ ಒಂದು ಇಂಚು ತಪ್ಪಿದರೂ 36ನೇ ಗೂಟದ ಹೊತ್ತಿಗೆ ಮೂರು ಅಡಿ, ಅಂದರೆ ಅರ್ಧ ಸಾಲು, ಆಚೀಚೆ ಆಗಿರುತ್ತದೆ. ಕೋಲು ಬಿಡಿ, 60 ಅಡಿಯ ಹುರಿಗೆ ಆರಾರು ಅಡಿಗೆ ಕೆಂಪು ಬಟ್ಟೆಯ ಚೂರು ಕಟ್ಟಿ. ಹುರಿ ಒಂದು ಸಲ ಬಿಗಿದರೆ ಹತ್ತು ಅಂತರದ ಗೂಟ ಒಟ್ಟಿಗೆ ಬೀಳುತ್ತವೆ, ತಪ್ಪು ಕೂಡುತ್ತಾ ಹೋಗುವುದಿಲ್ಲ.

ಹುರಿ ಯಾವುದು ಎನ್ನುವುದೂ ಮುಖ್ಯ. ನೈಲಾನ್ ಎಳೆದಷ್ಟೂ ಹಿಗ್ಗುತ್ತದೆ. ನೂರಕ್ಕೆ ಮೂರರಷ್ಟು ಹಿಗ್ಗಿದರೆ 60 ಅಡಿಗೆ ಎರಡಡಿಯ ಹತ್ತಿರ ಹೋಯಿತು. ತೆಂಗಿನ ನಾರು, ಹತ್ತಿಯ ಹುರಿ ಒದ್ದೆಯಾದರೆ ಗಿಡ್ಡವಾಗುತ್ತವೆ. ಎಳೆಗಳು ನೀರು ಕುಡಿದು ಊದಿಕೊಂಡಾಗ ಹೊಸೆತ ಬಿಗಿಯಾಗಿ ಹುರಿ ತನ್ನನ್ನೇ ಎಳೆದುಕೊಳ್ಳುತ್ತದೆ. ಬೆಳಗ್ಗೆ ಇಬ್ಬನಿಯಲ್ಲಿ ಹಿಡಿದ ಸಾಲಿಗೂ ಮಧ್ಯಾಹ್ನ ಬಿಸಿಲಲ್ಲಿ ಹಿಡಿದ ಸಾಲಿಗೂ ಹೊಂದದಿರುವುದು ಇದರಿಂದಲೇ. ತೆಳುವಾದ ಜಿ.ಐ. ತಂತಿ, ಅಂದರೆ ಸತುವು ಲೇಪಿಸಿದ ಕಬ್ಬಿಣದ ತಂತಿ, ಎಲ್ಲಕ್ಕಿಂತ ಮೇಲು. ಹುರಿಯೇ ಬೇಕೆಂದರೆ ದಿನಾ ಕೆಲಸ ಶುರು ಮಾಡುವ ಮುಂಚೆ ಉಕ್ಕಿನ ಟೇಪಿಗೆ ಹಿಡಿದು ಗುರುತುಗಳನ್ನು ಸರಿಮಾಡಿಕೊಳ್ಳಿ.

ಜಾಗದ ಉದ್ದನೆಯ ಅಂಚಿಗೆ ಮೊದಲ ಸಾಲು ಹಿಡಿಯಿರಿ. ಅದರ ತುದಿಯಲ್ಲಿ ಮೂಲೆ ಹಿಡಿಯಲು ಸಾಲಿನ ಮೇಲೆ 18 ಅಡಿ, ಅಡ್ಡಕ್ಕೆ 24 ಅಡಿ ಅಳೆಯಿರಿ. ಎರಡು ತುದಿಗಳ ನಡುವೆ ಸರಿಯಾಗಿ 30 ಅಡಿ ಬಂದರೆ ಮೂಲೆ ನೇರ. ಮೂರು-ನಾಲ್ಕು-ಐದು ಅಡಿಯಲ್ಲೂ ಇದು ಬರುತ್ತದೆ. ಆದರೆ ಅಷ್ಟು ಚಿಕ್ಕ ಅಳತೆಯಲ್ಲಿ ಅರ್ಧ ಇಂಚು ತಪ್ಪಿದರೆ ದೂರದಲ್ಲಿ ಅಡಿಗಟ್ಟಲೆ ತಪ್ಪುತ್ತದೆ. ಇನ್ನೊಂದು ತುದಿಯಲ್ಲೂ ಹೀಗೇ ಮೂಲೆ ಹಿಡಿದು, ಎರಡು ಅಡ್ಡಸಾಲಿಗೆ ಗೂಟ ಹೊಡೆದು, ನಡುವೆ ಹುರಿ ಬಿಗಿಯುತ್ತಾ ಬನ್ನಿ. ಪರೀಕ್ಷೆಗೆ 60 ಅಡಿ ಚೌಕದ ಮೂಲೆಯಿಂದ ಮೂಲೆಗೆ ಅಳೆದರೆ 84 ಅಡಿ 10 ಇಂಚು ಬರಬೇಕು. ಎರಡು ಕರ್ಣಗಳೂ ಸಮ ಇರಬೇಕು.

ಇಳಿಜಾರಿನಲ್ಲಿ ನೆಲದ ಮೇಲೆ ಹುರಿ ಹಾಸಿ ಅಳೆಯಬೇಡಿ. 30 ಡಿಗ್ರಿ ಇಳಿಜಾರಿನಲ್ಲಿ ನೆಲಗುಂಟ ಆರಡಿ ಎಂದರೆ ಮಟ್ಟದಲ್ಲಿ 5.2 ಅಡಿಯಷ್ಟೇ. ಒತ್ತೊತ್ತು, ಬಯಲು ಎಂದು ನೀವು ಬರೆದದ್ದಕ್ಕೆ ಇದೂ ಕಾರಣವಿರಬಹುದು. ಹುರಿಯನ್ನು ಮಟ್ಟವಾಗಿ ಹಿಡಿದು, ಗುರುತಿನಿಂದ ತೂಗುಗುಂಡು ಬಿಟ್ಟು ಗೂಟ ಹೊಡೆಯಿರಿ. ತೀರಾ ಕಡಿದಾದ ಜಾಗದಲ್ಲಿ ನೇರ ಸಾಲಿನ ಆಸೆಯನ್ನೇ ಬಿಡಿ. ಇಳಿಜಾರಿನಗುಂಟ ಇಳಿಯುವ ಸಾಲು ಮಳೆಗಾಲದಲ್ಲಿ ನೀರಿಗೆ ದಾರಿಯಾಗಿ ಮಣ್ಣನ್ನು ಹೊತ್ತೊಯ್ಯುತ್ತದೆ. ಸಮಪಾತಳಿಗುಂಟ, ಅಂದರೆ ಗುಡ್ಡದ ಒಂದೇ ಎತ್ತರದಗುಂಟ, ಬಾಗುವ ಸಾಲೇ ಅಲ್ಲಿ ಸರಿಯಾದ ಸಾಲು.

ಇಷ್ಟೆಲ್ಲ ಮಾಡಿಯೂ ಸಾಲು ಸೊಟ್ಟಗಾಗುವುದು ಗುಂಡಿ ತೋಡುವಾಗ. ಒಂದೂವರೆ ಅಡಿಯ ಗುಂಡಿ ತೆಗೆದರೆ ಗೂಟವೇ ಕಿತ್ತುಹೋಗುತ್ತದೆ. ನಾಲ್ಕಡಿ ಉದ್ದದ ಹಲಗೆಗೆ ಎರಡು ತುದಿಗೂ ನಡುವಿಗೂ ಒಂದೊಂದು ಕಚ್ಚು ಮಾಡಿಟ್ಟುಕೊಳ್ಳಿ. ನಡುವಿನ ಕಚ್ಚನ್ನು ಗೂಟಕ್ಕೆ ಹೊಂದಿಸಿ, ತುದಿಯ ಎರಡು ಕಚ್ಚುಗಳಲ್ಲಿ ಪುಟ್ಟ ಗೂಟ ಹೊಡೆದು, ಆಮೇಲೆ ನಡುವಿನ ಗೂಟ ಕಿತ್ತು ಗುಂಡಿ ತೆಗೆಯಿರಿ. ಸಸಿ ನೆಡುವಾಗ ಅದೇ ಹಲಗೆಯನ್ನು ಪುಟ್ಟ ಗೂಟಗಳಿಗೆ ಕೂರಿಸಿದರೆ ನಡುವಿನ ಕಚ್ಚು ಸಸಿಯ ಜಾಗ ತೋರಿಸುತ್ತದೆ. ನೆರಳು ಮರದ ಬುಡಕ್ಕೋ ಬಂಡೆಗೋ ಗೂಟ ಬಿದ್ದರೆ ಆ ಜಾಗವನ್ನು ಬಿಟ್ಟುಬಿಡಿ. ಪಕ್ಕಕ್ಕೆ ಸರಿಸಿ ನೆಟ್ಟರೆ ಮುಂದಿನ ಸಾಲಿನ ಗಿಡಕ್ಕೆ ಒತ್ತುತ್ತದೆ.

ಲೈನಿಗೆ ಕನ್ನಡದಲ್ಲಿ ಸಾಲು, ಗೆರೆ, ರೇಖೆ, ಪಂಕ್ತಿ ಎಂದು ನಾಲ್ಕು ಪದ ಹೇಳಿಕೊಡುತ್ತಿದ್ದೆ. ಇವುಗಳಲ್ಲಿ ಯಾವುದು ನಿಜವಾದ ಸಮಪದ?
— ನಿವೃತ್ತ ಶಿಕ್ಷಕರು, ಬೇಲೂರು

ಒಂದೂ ಅಲ್ಲ, ಹಾಗೆ ಹುಡುಕುವುದೂ ಬೇಡ ಎನ್ನುವುದು ನಮ್ಮ ಅಭಿಪ್ರಾಯ. ಇಂಗ್ಲಿಷಿನವರು ದಾರದಿಂದ ಹೊರಟರು, ಕನ್ನಡದವರು ನೇಗಿಲಿನಿಂದ. ಸಾಲು ಎಂದರೆ ಮೊದಲಿಗೆ ನೇಗಿಲು ಎಳೆದ ಜಾಡು. ಈಗಲೂ ಹೊಲದಲ್ಲಿ ‘ನಾಲ್ಕು ಸಾಲು ಹೊಡೆದೆ’ ಎಂದರೆ ಉತ್ತೆ ಎಂದೇ ಅರ್ಥ. ನಿಮ್ಮ ತಾಲ್ಲೂಕಿನ ಹಲ್ಮಿಡಿ ಶಾಸನದ ಬರಹವನ್ನು 16 ಸಾಲು ಎನ್ನುವಾಗ ಕಲ್ಲನ್ನು ಹೊಲದಂತೆ ಕಾಣುತ್ತೇವೆ. ಲ್ಯಾಟಿನ್ನಿನಲ್ಲೂ ಈ ನೋಟ ಇದೆ. ಇಂಗ್ಲಿಷಿನ ‘ವರ್ಸ್’ ಪದದ ಮೂಲಕ್ಕೆ ನೇಗಿಲು ತಿರುಗಿಸುವುದು, ಉಳುಮೆಯ ಸಾಲು, ಬರಹದ ಸಾಲು ಎಂಬ ಮೂರೂ ಅರ್ಥವಿದ್ದವು. ಜ್ವರದ ತಾಪಕ್ಕೆ ಬಡಬಡಿಸುವ ‘ಡಿಲಿರಿಯಂ’ ಪದದ ಮೂಲಾರ್ಥ ನೇಗಿಲ ಸಾಲು ತಪ್ಪುವುದು.

ಗೆರೆ ಎಳೆಯುವಂಥದ್ದು, ನೆಲದ ಮೇಲೋ ಹಾಳೆಯ ಮೇಲೋ ಅಂಗೈಯಲ್ಲೋ ಇರುವಂಥದ್ದು. ರೇಖೆ ಸಂಸ್ಕೃತದ್ದು, ಗಣಿತಕ್ಕೂ ಭೂಪಟಕ್ಕೂ ಒಗ್ಗಿಕೊಂಡಿದೆ. ಸಮಭಾಜಕ ವೃತ್ತಕ್ಕೆ ಭೂಮಧ್ಯರೇಖೆ ಎನ್ನಬಹುದು, ಭೂಮಧ್ಯಸಾಲು ಎಂದರೆ ಕಿವಿ ಒಪ್ಪುವುದಿಲ್ಲ. ಪಂಕ್ತಿ ಮೂಲದಲ್ಲಿ ಐದರ ಗುಂಪು, ಪಂಚದ ನೆಂಟ. ಈಗ ಅದು ಊಟದ ಎಲೆಗಳ ಮುಂದೆ ಕೂತವರ ಸಾಲು. ನಿಮ್ಮ ಪಟ್ಟಿಯಲ್ಲಿ ಇಲ್ಲದ ಒಂದು ಪದವೇ ಹುಟ್ಟಿನಲ್ಲಿ ಲೈನಿಗೆ ಎಲ್ಲಕ್ಕಿಂತ ಹತ್ತಿರದ್ದು: ಸೂತ್ರ. ಸಂಸ್ಕೃತದಲ್ಲಿ ಅದು ದಾರ, ಆಮೇಲೆ ಅಳತೆಯ ದಾರ, ಆಮೇಲೆ ನಿಯಮ. ನಾಟಕದ ಸೂತ್ರಧಾರ ಎಂಬ ಪದಕ್ಕೆ ಕಟ್ಟಡದ ಅಳತೆದಾರ ಹಿಡಿದವನು ಎಂಬ ಅರ್ಥವೂ ಇದೆ.

ಗಾರೆಯವರು ‘ಲೈನ್ ದಾರ ತಗೊಂಡ್ ಬಾ’ ಎನ್ನುವಾಗ ‘ದಾರ ದಾರ’ ಎಂದಂತಾಗುತ್ತದೆ. ತಪ್ಪೇನಲ್ಲ. ‘ಗೇಟು ಬಾಗಿಲು’ ಎನ್ನುವಂತೆ ಬಂದ ಪದಕ್ಕೆ ಮನೆಯ ಪದವನ್ನು ಜೋಡಿಸಿಕೊಂಡಿದ್ದಾರೆ.

‘ಡೆಡ್‌ಲೈನ್’ನಲ್ಲಿ ಸಾವು ಯಾಕೆ ಬಂತು?
— ಪದವಿ ವಿದ್ಯಾರ್ಥಿನಿ, ಚಿಕ್ಕಮಗಳೂರು

ನಿಜವಾದ ಸಾವೇ ಅದರಲ್ಲಿ ಇತ್ತು. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಜಾರ್ಜಿಯಾದ ಆಂಡರ್ಸನ್‌ವಿಲ್‌ ಸೆರೆಶಿಬಿರದಲ್ಲಿ ಹೊರಗೋಡೆಯಿಂದ ಸುಮಾರು 19 ಅಡಿ ಒಳಗೆ ಗಿಡ್ಡನೆಯ ಮರದ ಕಟಕಟೆ ಹಾಕಿದ್ದರು. ಅದನ್ನು ದಾಟಿದ ಕೈದಿಗೆ ಕಾವಲಿನವರು ಗುಂಡು ಹೊಡೆಯುತ್ತಿದ್ದರು. ಆ ಗೆರೆಯೇ ಡೆಡ್‌ಲೈನ್. ಮುಂದೆ ಅಮೆರಿಕದ ಪತ್ರಿಕಾ ಕಚೇರಿಗಳಲ್ಲಿ, 1920ರ ಆಸುಪಾಸಿನಲ್ಲಿ, ಬರಹ ಒಪ್ಪಿಸಬೇಕಾದ ಕೊನೆಯ ಹೊತ್ತಿಗೆ ಈ ಹೆಸರು ನಿಂತಿತು. ಕನ್ನಡದಲ್ಲಿ ‘ಗಡುವು’ ಎಂಬ ಒಳ್ಳೆಯ ಪದ ಇದೆ. ಜಾಗಕ್ಕೆ ಗಡಿ, ಕಾಲಕ್ಕೆ ಗಡುವು. ಅರ್ಜಿ ಹಾಕುವ ಕೊನೆಯ ದಿನಕ್ಕೆ ಅದನ್ನೇ ಬಳಸಿ.

ರೈಲ್ವೆಯವರೂ ‘ಲೈನ್ ಕ್ಲಿಯರ್’ ಅಂತಾರೆ, ಕರೆಂಟಿನವರೂ ಅಂತಾರೆ. ಒಂದೇ ಅರ್ಥವೇ?
— ಓದುಗರು, ಸಕಲೇಶಪುರ

ಅಲ್ಲ. ರೈಲಿನಲ್ಲಿ ಅದು ಮುಂದೆ ಹೋಗಲು ಒಪ್ಪಿಗೆ. ನಿಮ್ಮೂರಿನಿಂದ ಸುಬ್ರಹ್ಮಣ್ಯ ರೋಡಿನ ಕಡೆಗೆ ಇಳಿಯುವ ಘಾಟಿಯಂಥ ಒಂಟಿ ಹಳಿಯಲ್ಲಿ, ಮುಂದಿನ ಸ್ಟೇಷನ್ನು ‘ಹಳಿ ಖಾಲಿ ಇದೆ’ ಎಂದು ಲೈನ್ ಕ್ಲಿಯರ್ ಕೊಡದೆ ಗಾಡಿ ಬಿಡುವಂತಿಲ್ಲ. ಕರೆಂಟಿನಲ್ಲಿ ಅದು ಎಲ್ಲವೂ ನಿಂತಿದೆ ಎಂಬ ಭರವಸೆ. ಲೈನ್‌ಮನ್ ಕಂಬ ಹತ್ತುವ ಮುನ್ನ ಸಬ್‌ಸ್ಟೇಷನ್ನಿನಿಂದ ಎಲ್‌.ಸಿ. ತೆಗೆದುಕೊಳ್ಳುತ್ತಾರೆ. ಆ ಕಡೆಗೆ ವಿದ್ಯುತ್ ಒಯ್ಯುವ ಫೀಡರ್ ಲೈನನ್ನು ಬಂದ್ ಮಾಡಿರುತ್ತಾರೆ. ಆಮೇಲೂ ತಂತಿಯಲ್ಲಿ ವಿದ್ಯುತ್ ಇಲ್ಲವೆಂದು ಪರೀಕ್ಷಿಸಿ, ಕೆಲಸ ಮಾಡುವ ಜಾಗದ ಎರಡೂ ಕಡೆ ಅರ್ಥಿಂಗ್ ಕೊಡಬೇಕು.

ಜನರೇಟರ್ ಇಟ್ಟುಕೊಂಡ ತೋಟದವರು ಇದನ್ನು ಮನಸ್ಸಿಟ್ಟು ಓದಬೇಕು. ಚೇಂಜ್‌ಓವರ್ ಸ್ವಿಚ್ ಇಲ್ಲದೆ ಜನರೇಟರಿನ ವೈರನ್ನು ಮನೆಯ ಸಾಕೆಟ್ಟಿಗೆ ಸಿಕ್ಕಿಸಿದರೆ ವಿದ್ಯುತ್ ಮೀಟರು ದಾಟಿ ಹಿಂದಕ್ಕೆ ಹರಿಯುತ್ತದೆ. ಟ್ರಾನ್ಸ್‌ಫಾರ್ಮರ್ ಅದನ್ನು ತಿರುಗಿಸಿ 11,000 ವೋಲ್ಟಿನವರೆಗೆ ಏರಿಸಬಲ್ಲದು. ಎಲ್‌.ಸಿ. ಪಡೆದು ಕಂಬದ ಮೇಲಿರುವ ಮನುಷ್ಯನಿಗೆ ಸತ್ತ ತಂತಿ ಜೀವ ತಳೆದದ್ದು ಗೊತ್ತೇ ಆಗುವುದಿಲ್ಲ. ಕಂಬದ ಲೈನು ಮತ್ತು ಜನರೇಟರ್ ಎರಡೂ ಏಕಕಾಲಕ್ಕೆ ಕೂಡದಂತೆ ತಡೆಯುವ ಸ್ವಿಚ್ಚನ್ನು ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರಿಂದ ಹಾಕಿಸಿಕೊಳ್ಳಿ.

‘ಲೈನು ಬಂದದ್ದು ಅಗಸೆಯಿಂದ’ ಎಂದು ಹಿಂದೆ ಈ ಅಂಕಣದಲ್ಲಿ ಒಂದು ಸಾಲು ಓದಿದ್ದೆ. ನಮ್ಮ ಹಿತ್ತಲಿನ ಅಗಸೆ ಮರವೇ ಅದು? ಮಕ್ಕಳಿಗೆ ಆ ನಾರು ತೋರಿಸಬೇಕಿತ್ತು.
— ಶಾಲಾ ಶಿಕ್ಷಕಿ, ಕಡೂರು

ಹಿತ್ತಲಿನದು ಬೇರೆ. ಸೊಪ್ಪು, ಹೂವು ತಿನ್ನುವ ಆ ಮರಕ್ಕೂ ಇದಕ್ಕೂ ಹೆಸರಷ್ಟೇ ಒಂದು. ನಾರಿನ ಅಗಸೆ ಮೊಣಕಾಲಿನಿಂದ ಸೊಂಟದವರೆಗೆ ಬೆಳೆಯುವ ತೆಳು ಗಿಡ. ಚಟ್ನಿಪುಡಿಗೆ ಹಾಕುವ, ಕಂದು ಬಣ್ಣದ ನುಣುಪು ಬೀಜ ಅದರದ್ದೇ.

ಹುರಿಯದ ಬೀಜ ತನ್ನಿ. ಮಳೆ ಹಿಂದೆಗೆದ ಮೇಲೆ, ಅಕ್ಟೋಬರ್ ಕೊನೆಗೋ ನವೆಂಬರಿಗೋ, ಒಂದು ಮೀಟರ್ ಚೌಕದ ಪಾತಿಯಲ್ಲಿ ಅರ್ಧ ಇಂಚು ಆಳಕ್ಕೆ ಒತ್ತಾಗಿ ಬಿತ್ತಿ. ಒತ್ತಾಗಿ ಎನ್ನುವುದು ಮುಖ್ಯ. ಬಿಡಿಯಾಗಿ ಬಿತ್ತಿದರೆ ಗಿಡ ಕವಲೊಡೆದು ನಾರು ತುಂಡಾಗುತ್ತದೆ. ನೀಲಿ ಹೂವು ಬೆಳಗ್ಗೆ ಅರಳಿ ಮಧ್ಯಾಹ್ನದ ಹೊತ್ತಿಗೆ ಎಸಳು ಉದುರಿಸುತ್ತದೆ. ಮಕ್ಕಳಿಗೆ ತೋರಿಸುವುದಾದರೆ ಮೊದಲ ಪಿರಿಯಡ್ಡಿನಲ್ಲೇ ಕರೆದುಕೊಂಡು ಹೋಗಿ. ಕಾಂಡದ ಕೆಳಗಿನ ಅರ್ಧ ಹಳದಿಯಾದಾಗ ಕೊಯ್ಯದೆ ಬೇರುಸಮೇತ ಕೀಳಿ. ನಾರು ಬುಡದಿಂದ ತುದಿಯವರೆಗೂ ಓಡಿರುತ್ತದೆ, ಕೊಯ್ದರೆ ಅಷ್ಟು ಉದ್ದ ಕಳೆದಂತೆ. ಒಣಗಿಸಿ, ಬೀಜ ಉದುರಿಸಿ, ಕಟ್ಟು ಕಟ್ಟಿ ನೀರಿನ ತೊಟ್ಟಿಯಲ್ಲಿ ಕಲ್ಲು ಹೇರಿ ಮುಳುಗಿಸಿಡಿ. ಸಣಬು ಕೊಳೆಹಾಕುವ ಹಾಗೆಯೇ ಇದೂ. ನಾಲ್ಕನೇ ದಿನದಿಂದ ದಿನಕ್ಕೊಂದು ಕಾಂಡ ತೆಗೆದು ಬಗ್ಗಿಸಿ ನೋಡಿ. ಒಳಗಿನ ಕಡ್ಡಿ ಮುರಿದು ಹೊರಗಿನ ನಾರು ಸಲೀಸಾಗಿ ಬಿಟ್ಟುಬಂದರೆ ಆಯಿತು. ವಾಸನೆ ಜೋರಿರುತ್ತದೆ, ತೊಟ್ಟಿಯನ್ನು ತರಗತಿಯಿಂದ ದೂರ ಇಡಿ. ಎರಡು ಮೂರು ದಿನ ಹೆಚ್ಚಾದರೆ ನಾರೂ ಕೊಳೆತು ಎಳೆದರೆ ತುಂಡಾಗುತ್ತದೆ.

ತೊಳೆದು, ಚೆನ್ನಾಗಿ ಒಣಗಿಸಿ, ಮರದ ಕೊಡತಿಯಿಂದ ಮೆಲ್ಲಗೆ ಜಜ್ಜಿ. ಒಳಗಿನ ಕಡ್ಡಿ ಪುಡಿಯಾಗಿ ಉದುರುತ್ತದೆ. ಉಳಿದದ್ದನ್ನು ಅಗಲ ಹಲ್ಲಿನ ಬಾಚಣಿಗೆಯಲ್ಲಿ ತುದಿಯಿಂದ ಶುರುಮಾಡಿ ಬಾಚಿದರೆ ಕಂದು ಕೂದಲಿನಂಥ, ಮಿರುಗುವ ಎಳೆಗಳು ಸಿಗುತ್ತವೆ. ಹತ್ತು ಹದಿನೈದು ಎಳೆ ಸೇರಿಸಿ, ಕೈ ಒದ್ದೆಮಾಡಿಕೊಂಡು, ತೊಡೆಯ ಮೇಲೆ ಹೊಸೆಯಿರಿ. ಅದರ ಎರಡು ತುದಿಯನ್ನು ಇಬ್ಬರು ಮಕ್ಕಳ ಕೈಗೆ ಕೊಟ್ಟು ಕಪ್ಪುಹಲಗೆಯ ಮೇಲೆ ಬಿಗಿಯಾಗಿ ಹಿಡಿಸಿ, ಸೀಮೆಸುಣ್ಣದ ಪುಡಿ ಸವರಿ, ನಡುವೆ ಒಮ್ಮೆ ಮೀಟಿ ಬಿಡಿ. ಹಲಗೆಯ ಮೇಲೆ ಮೂಡುವ ಬಿಳಿ ಗೆರೆಯೇ ಲೈನು.